ಕ್ಲೈವ್ ಆರಿಸಿದ ಸಸಿಗಳು

ಟಾಸ್ಮೇನಿಯಾದ ನಮ್ಮೂರಿನ ಮರಸಂಘಕ್ಕೆ ಕ್ಲೈವ್ ಪಾಟಿಂಜರ್ ಅಧ್ಯಕ್ಷ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಗುಡ್ಡದ ಮೇಲೆ ಬೆಳ್ಳಿ ಗಮ್ ಎಂಬ ನೀಲಗಿರಿ ಬಗೆಯ ಮರಗಳು ಎರಡೇ ಉಳಿದಿದ್ದವು. ಆ ಜಾತಿ ಬೇರೆಲ್ಲೂ ಇಲ್ಲ. ಅವಕ್ಕೆ ಗಾಳಿ ತಾಗದಿರಲೆಂದು ಈ ಮಹಾನುಭಾವ ಸುತ್ತಲೂ ನೀಲಿ ಗಮ್ ಎಂಬ ಇನ್ನೊಂದು ಜಾತಿ ನೆಡಿಸಿ ತನ್ನ ಹೆಸರಿನ ಫಲಕ ಹಾಕಿಸಿಕೊಂಡಿದ್ದ. ಗಮ್ ಮರಗಳು ಪಕ್ಕದ ಜಾತಿಯೊಡನೆ ಸಲೀಸಾಗಿ ಕೂಡುತ್ತವೆಂದು ಸಂಘದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಚಪ್ಪಾಳೆ ತಟ್ಟಿ ಮನೆಗೆ ಹೋದೆವು.

ಕೆಲವು ವರ್ಷ ಕಳೆದು ಮುದಿ ಮರಗಳು ಒಣಗತೊಡಗಿದಾಗ ಅವುಗಳ ಬೀಜ ತಂದು ಹಿತ್ತಲಲ್ಲಿ ಸಸಿ ಮಾಡಿದವಳು ನಮ್ಮ ಸಂಘದ ವಾಲ್ಡಾ. ಆ ಮರಗಳಡಿ ಆಡಿ ಬೆಳೆದವಳು. ಅವುಗಳ ಸಂತಾನ ಉಳಿದರೆ ಸಾಕೆಂದು ಕೂಸುಗಳ ಹಾಗೆ ಸಾಕಿದಳು.

ಸಸಿಗಳು ಮೊಣಕಾಲೆತ್ತರ ಬಂದಾಗ ವಿಶ್ವವಿದ್ಯಾಲಯದ ಲಿನ್, "ಮೊದಲು ಡಿಎನ್ಎ ನೋಡ್ತೀನಿ, ಎಲೆ ಕೊಡಿ," ಎಂದಳು. ಹೋಲಿಸಿ ನೋಡಲು ಮುದಿ ಮರಗಳ ಎಲೆಯನ್ನು ಆಗಲೇ ಒಯ್ದಿದ್ದಳು.

"ನನ್ನ ಕಣ್ಣಿದೆಯಲ್ಲಮ್ಮಾ, ಮಷೀನ್ ಯಾಕೆ?" ಎಂದ ಕ್ಲೈವ್. ಕೊಬ್ಬಿದ ಸಸಿಗಳನ್ನೆಲ್ಲ ಇಟ್ಟುಕೊಂಡು ಕುಳ್ಳಗಿದ್ದವನ್ನೆಲ್ಲ ಕಿತ್ತ.

"ಒಂದೆರಡಾದ್ರೂ ಬಿಡೋ," ಎಂದಳು ವಾಲ್ಡಾ.

"ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತೆ ತಾಯಿ. ಅಯ್ಯೋ ಪಾಪ ಅಂತ ಕೂತ್ರೆ ಕಾಡು ಬೆಳೆಯಲ್ಲ."

ನಾವೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದೆವು. ಕಿತ್ತವು ಒಣಗಿ, ಸಸಿ ನೆಡುವ ದಿನ ಸಾಸೇಜ್ ಸುಡುವ ಒಲೆಗೆ ಬಿದ್ದವು. ಗಮ್ ಎಲೆಯಲ್ಲಿ ಎಣ್ಣೆ ಜಾಸ್ತಿ, ಚೆನ್ನಾಗಿ ಉರಿಯುತ್ತದೆ. ಬ್ರೆಡ್ಡು ಈರುಳ್ಳಿ ಜೊತೆ ತಿಂದು ಅಧ್ಯಕ್ಷರನ್ನು ಹೊಗಳಿದೆವು.

ಮುಂದಿನ ಬೇಸಿಗೆಯಲ್ಲಿ ಎರಡು ಮುದಿ ಮರಗಳೂ ಸತ್ತವು. ವಾಲ್ಡಾಗೆ ಜೀವ ತಡೆಯಲಿಲ್ಲ. ನೆಟ್ಟ ಗಿಡಗಳ ಎಲೆಯನ್ನು ತಾನೇ ಲಿನ್‌ಗೆ ಕಳಿಸಿದಳು. ಲಿನ್ ಸಭೆಗೇ ಬಂದಳು.

"ನೆಟ್ಟಿರೋದೆಲ್ಲ ಮಿಶ್ರತಳಿ. ತಾಯಿ ಬೆಳ್ಳಿ ಗಮ್, ತಂದೆ ಸುತ್ತ ನೆಟ್ಟಿರೋ ನೀಲಿ ಗಮ್. ಅದಕ್ಕೇ ದಷ್ಟಪುಷ್ಟವಾಗಿವೆ. ಶುದ್ಧ ಸಸಿ ಕುಳ್ಳಗಿರುತ್ತೆ, ನಿಧಾನ. ಅಂಥವೂ ಹುಟ್ಟಿರ್ಬೇಕಲ್ಲ, ಎಲ್ಲಿಟ್ಟಿದ್ದೀರಿ?"

ಮಾತಿನ ಮಲ್ಲ ಕ್ಲೈವ್ ತನ್ನ ಬೂಟು ನೋಡುತ್ತಿದ್ದ.

"ಅವುಗಳ ಬೆಂಕೀಲಿ ಸಾಸೇಜ್ ಸುಟ್ಕೊಂಡು ತಿಂದ್ವಿ," ಎಂದಳು ವಾಲ್ಡಾ.

ಕ್ಲೈವ್ ಕೆಮ್ಮಿದ. "ಏನೇ ಆಗ್ಲಿ, ಇವೂ ನೋಡೋಕೆ ಲಕ್ಷಣವಾಗಿವೆ."

ಆ ನಾಲಿಗೆಗೆ ನಾಚಿಕೆಯೆಂಬುದೇ ಇಲ್ಲ. ವಾಲ್ಡಾ ಅವನತ್ತ ತಿರುಗಲೂ ಇಲ್ಲ.

"ಬೇರೆಲ್ಲಾದ್ರೂ ಒಂದು ಮರ ಇರ್ಬಹುದೇನಮ್ಮಾ?" ಎಂದು ಲಿನ್‌ಳನ್ನು ಕೇಳಿದಳು. ಇಲ್ಲವೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳಿದವಳಿಗೇ ಗೊತ್ತಿತ್ತು.