ಒತ್ತಿದರೆ ಮಾತಾಡುವ ಗಡಿಯಾರ

ಕಾಲಕ್ಕೇ ಇನ್ನೂ ಹಲ್ಲು ಮೂಡಿರದ ಕಾಲದಲ್ಲಿ, ಬೆಳ್ಳಿಯ ಡಬ್ಬಿಯೊಳಗೆ ಒಬ್ಬ ಕಿರುಬೆರಳುದ್ದದ ಗಂಟೆಗಾರ ಮಲಗಿದ್ದನಂತೆ. ಕೈಯಲ್ಲಿ ಸುತ್ತಿಗೆ, ಬಾಯಿಗೆ ಬೀಗ. ಯಾರಾದರೂ ಬಂದು ಎಬ್ಬಿಸುವವರೆಗೆ ತುಟಿ ಪಿಟಕ್ಕೆನ್ನಬಾರದು ಅಂತ ಶಾಪ.

ಅಜ್ಜಿ ಹೇಳಿದ್ದರೆ ಹೀಗೇ ಶುರುವಾಗುತ್ತಿತ್ತು. ಅವಳ ಮಡಿಲಲ್ಲಿ ಬೆಳೆದ ನನಗೆ ಬೇರೆ ಥರ ಹೇಳಲು ಬರುವುದಿಲ್ಲ. ಡಬ್ಬಿ ಅಂದರೆ ಸೋದರಮಾವ ಗುಜರಿಯಿಂದ ತಂದ ಹಳೇ ಜೇಬುಗಡಿಯಾರ. ಮಾವನದು ಗಡಿಯಾರ ರಿಪೇರಿ ಅಂಗಡಿ, ನನಗೂ ಅಲ್ಲೇ ಕೆಲಸ, ಮೇಲೆ ಮನೆ. ಸತ್ತ ಗಡಿಯಾರ ಕಂಡರೆ ಮಾವನಿಗೆ ಕರುಳು ಚುರುಕ್ ಅನ್ನುತ್ತದೆ, ಅತ್ತೆಗೆ ತಲೆ ಚಿಟ್ಟು ಹಿಡಿಯುತ್ತದೆ.

ಈ ಗಡಿಯಾರ ಮಾತ್ರ ಬೇರೆ ಜಾತಿಯದು. ತಲೆಯ ಮೇಲಿನ ಗುಂಡಿ ಒತ್ತಿದರೆ ಒಳಗಿನ ಸುತ್ತಿಗೆ ಗಂಟೆ ಎಷ್ಟಾಯಿತೆಂದು ಟಿಣ್ ಟಿಣ್ ಬಾರಿಸಬೇಕು. ನೋಡುವುದೇ ಬೇಡ.

ಅಜ್ಜಿಯ ಕಣ್ಣು ಮಂಜಾಗಿತ್ತು. "ಗಂಟೆ ಎಷ್ಟೇ?" ಅಂತ ದಿನವಿಡೀ ಕೇಳುತ್ತಿದ್ದಳು. "ಯಾವ ಆಫೀಸಿಗೆ ಹೊರಟೆ ತಾಯೀ?" ಅಂತ ನಾವು ನಗುತ್ತಿದ್ದೆವು. ಒಂದು ದಿನ ಅವಳು ಕೇಳುವುದನ್ನೇ ಬಿಟ್ಟಳು. ನಾನು ಓಡಿಹೋಗಿ ಅವಳ ಕೈ ಹಿಡಿದೆ. "ಅಜ್ಜೀ, ಇನ್ನು ನೀನು ಯಾರನ್ನೂ ಕೇಳಬೇಕಾಗಿಲ್ಲ. ಗಡಿಯಾರವೇ ನಿನಗೆ ಹೇಳುತ್ತೆ" ಅಂತ ಮಾತು ಕೊಟ್ಟುಬಿಟ್ಟೆ.

ಒಂದೊಂದೇ ಚಕ್ರ ತೊಳೆದೆ, ತುಕ್ಕು ಕೆರೆದೆ, ಎಣ್ಣೆಯನ್ನು ಸೂಜಿತುದಿಯಲ್ಲಿ ಮುಟ್ಟಿಸಿದೆ. ಕೊನೆಗೆ ಸುತ್ತಿಗೆಯ ಸ್ಪ್ರಿಂಗ್ ಕೂರಿಸುವಾಗ, ಗಂಟೆಗಾರನಿಗೆ ಹೆಂಡತಿ ಇದ್ದಳೋ ಇಲ್ಲವೋ ಅಂತ ಯೋಚಿಸುತ್ತಿದ್ದೆ. ಪಿಣಕ್! ಚಿಮಟದಿಂದ ಸ್ಪ್ರಿಂಗ್ ಹಾರಿಹೋಯಿತು.

"ಯಾರೂ ಅಲುಗಬೇಡಿ!" ಮಾವ ಕೂಗಿದ. ಚೂರು ಹಾರಿದರೆ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಅದು ಅಂಗಡಿಯ ಕಾನೂನು. ಚಹಾ ತಂದ ಅತ್ತೆ ಹೊಸ್ತಿಲಲ್ಲಿ ಒಂಟಿಕಾಲಿನ ಕೊಕ್ಕರೆಯಾದಳು.

"ರೀ, ಕಾಲು ಜೋಮು ಹಿಡೀತಿದೆ."

"ಹಿಡೀಲಿ ಬಿಡೇ, ಸ್ಪ್ರಿಂಗ್ ಸಿಗಲಿ."

ಟಾರ್ಚನ್ನು ನೆಲಕ್ಕೆ ಮಲಗಿಸಿ, ಕೆನ್ನೆ ನೆಲಕ್ಕಿಟ್ಟು ನೆರಳು ಹುಡುಕಿದೆವು. ಸಿಕ್ಕಿದ್ದು ಒಂದು ಅಂಗಿಗುಂಡಿ, ಜೊತೆಗೆ ಮಾವನ ಕಳೆದುಹೋದ ಮರ್ಯಾದೆ ಅಂತ ಅತ್ತೆ ಕರೆದ ಹಳೇ ಬಾಚಣಿಗೆ. ತಡೆಯಲಾರದೆ ಅವಳೇ ಹೊಲಿಗೆಡಬ್ಬಿಯ ಅಯಸ್ಕಾಂತ ತಂದು ನೆಲದ ಮೇಲೆ ಆಡಿಸಿದಳು. ಬಂತು ಸ್ಪ್ರಿಂಗ್! ನಾನು ಕುಣಿದೇ ಕುಣಿದೆ. ಕುಣಿಯುತ್ತಲೇ ಅದನ್ನು ಕೂರಿಸಿ, ಮುಚ್ಚಳ ಹಾಕಿ, ಗಡಿಯಾರವನ್ನು ಮೇಜಿನ ಮೇಲಿಟ್ಟು ಚಹಾ ಕುಡಿದೆ. ಇಟ್ಟದ್ದು ಅದೇ ಅಯಸ್ಕಾಂತದ ಮೇಲೆ.

ಅಜ್ಜಿ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಹಾರಾಣಿಯ ಹಾಗೆ ಮೇಲೆ ಹೋದಳು. ಅದೇ ಮಧ್ಯಾಹ್ನ ಗುಂಡಿ ಒತ್ತಿ, ಎಂಟು ಟಿಣ್ ಎಣಿಸಿ, ಎಲ್ಲರಿಗೂ ತಟ್ಟೆ ಹಾಕಿ ಕರೆದಳು, "ಬನ್ನಿ, ರಾತ್ರಿ ಊಟಕ್ಕೆ!"

"ಹೊರಗೆ ಬಿಸಿಲು ಸುಡ್ತಿದೆ, ಅತ್ತೆ!" ಅತ್ತೆ ತನ್ನ ಅತ್ತೆಯನ್ನು ನೋಡಿ ಬಿದ್ದು ಬಿದ್ದು ನಕ್ಕಳು.

ಅಜ್ಜಿ ನಗಲಿಲ್ಲ. ಗಡಿಯಾರವನ್ನು ನನ್ನ ಅಂಗೈಯಲ್ಲಿಟ್ಟು, "ತಗೋ ಮಗಳೇ, ಇದಕ್ಕಿಂತ ಸುಮ್ಮನಿರೋದೇ ವಾಸಿ" ಅಂದಳು.

ಓಡಿದೆ ಕೆಳಗೆ. ಮಾವ ದಿಕ್ಸೂಚಿಯನ್ನು ಗಡಿಯಾರದ ಹತ್ತಿರ ಹಿಡಿದ. ಮುಳ್ಳು ಹುಚ್ಚೆದ್ದು ತೂಗಿತು. "ಅಯಸ್ಕಾಂತದ ಕಾಂತ ಹಿಡಿದಿದೆ ಕಣೇ, ಕನಸುಗಣ್ಣೀ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಅದಕ್ಕೇ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡ್ತಿದೆ."

"ಇಳಿಸಬಹುದಾ ಮಾವ?"

"ಇಳಿಯುತ್ತೆ. ಆದರೆ ಇಲ್ಲಿ ನೋಡ್ಕೊಂಡು ಮಾಡು, ಚಂದ್ರನಲ್ಲಿ ಅಲ್ಲ."

ಕಾಂತ ಇಳಿಸುವ ಪೆಟ್ಟಿಗೆಯ ಗುಂಡಿಯನ್ನು ಮಾವ ಒತ್ತಿ ಹಿಡಿದ. ಅದು ಗುಂಯ್ ಎಂದಿತು. ಅದರ ಮೇಲಿಟ್ಟ ಗಡಿಯಾರವನ್ನು ಎತ್ತಿಕೊಂಡು, ಎಲ್ಲೂ ತಡೆಯದೆ, ಅವಸರ ಮಾಡದೆ ದೂರ ಸರಿಯಬೇಕು. ನಾನು ಹಿಂದೆ ಹಿಂದೆ ನಡೆದೆ.

"ನಿಧಾನ! ಇನ್ನೂ ನಿಧಾನ!"

"ಹಿಂದೆ ಸ್ಟೂಲು!" ಅತ್ತೆ ಕಿರುಚಿ ಅದನ್ನು ಎಳೆದಳು. ಕುರ್ಚಿ ಎಳೆದಳು. ಚಪ್ಪಲಿಗಳನ್ನು ಕಾಲಲ್ಲಿ ಒದ್ದಳು. ನಗು ಉಕ್ಕಿ ನನ್ನ ಹೊಟ್ಟೆ ಕುಣಿಯುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಬಾಗಿಲ ಹತ್ತಿರ ಬೆನ್ನಿಗೆ ಏನೋ ಮೆತ್ತಗೆ ತಗುಲಿತು. ಮೇಲಿಂದ ಇಳಿದು ಬಂದ ಅಜ್ಜಿ!

ದಿಕ್ಸೂಚಿಯ ಮುಳ್ಳು ಈಗ ಗಪ್‌ಚಿಪ್. ಮಾವ ಗೋಡೆ ಗಡಿಯಾರ ನೋಡಿ ಜೇಬುಗಡಿಯಾರದ ಮುಳ್ಳು ಸರಿಮಾಡಿದ. ಸಂಜೆಯವರೆಗೂ ಪಕ್ಕದಲ್ಲೇ ಕೂತು ಕಾಯ್ದೆವು. ಗೋಡೆ ಗಡಿಯಾರಕ್ಕಿಂತ ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ.

"ಒತ್ತು ಅಜ್ಜಿ."

"ಮತ್ತೆ ನಗೋದಿಲ್ಲ ತಾನೆ?"

"ನಕ್ಕರೆ ನನ್ನ ಕಿವಿ ಹಿಂಡಿ ಅತ್ತೆ" ಅಂದಳು ಅತ್ತೆ.

ಅಜ್ಜಿ ಒತ್ತಿದಳು. ಟಿಣ್, ಟಿಣ್, ಟಿಣ್, ಟಿಣ್, ಟಿಣ್, ಟಿಣ್.

"ಆರು" ಅಂದಳು ಅಜ್ಜಿ, ಯಾರನ್ನೂ ಕೇಳದೆ.