ತಗಡಿನ ಮೇಲಿನ ಕಲ್ಲು, ಅಂಗಳದ ಒಣಮರ

ಯುಗಾದಿ ಕಳೆದ ಮೇಲೆ ನಮ್ಮ ಕಡೆ ಮಳೆಗಿಂತ ಮೊದಲು ಗಾಳಿ ಬರುತ್ತದೆ. ಮಧ್ಯಾಹ್ನ ಸುಡುವ ಬಿಸಿಲು, ಸಂಜೆಗೆ ಮೋಡ, ಆಮೇಲೆ ಕೆಂಧೂಳು ಎದ್ದು ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ವಾಲುತ್ತವೆ. ಇದು ಯಾರಿಗೂ ಹೊಸದಲ್ಲ. ಆದರೂ ಪ್ರತಿ ವರ್ಷ ಮೊದಲ ಸಲ ಕಂಡವರಂತೆ ಬೆಚ್ಚುತ್ತೇವೆ.

ಅರಸೀಕೆರೆಯ ಹೊರಗೆ ಗಂಗಾಧರಯ್ಯನವರ ಕೊಬ್ಬರಿ ಮಂಡಿ ಇದೆ. ಮಂಡಿಯ ಅಂಗಳದಲ್ಲಿ ಉದ್ದನೆಯ ತಗಡಿನ ಶೆಡ್ಡು. ಅದರ ಕೆಳಗೆ ಹೆಂಗಸರು ಕೂತು, ಒಣಗಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಾರೆ. ತಗಡು ಹಾರಿಹೋಗದಿರಲಿ ಎಂದು ಅದರ ಮೇಲೆ ದಪ್ಪ ಕಲ್ಲುಗಳನ್ನು ಹೇರಿದ್ದರು. ಇತ್ತೀಚೆಗೆ ಒಂದು ಸೋಮವಾರ ಸಂಜೆ ಗಾಳಿ ಎದ್ದಿತು. ಮೂಲೆಯ ತಗಡು ಪಟಪಟ ಬಡಿದು ಮೇಲೆದ್ದಿತು. ಅದರ ಮೇಲಿದ್ದ ಕಲ್ಲು ಉರುಳಿ ಹನುಮಕ್ಕನ ಹೆಗಲಿಗೆ ಬಿತ್ತು. ಮೂಳೆ ಮುರಿಯಿತು. ಒಂದು ಗೇಣು ಈಚೆ ಬಿದ್ದಿದ್ದರೆ ಅದು ತಲೆಗೇ ಬೀಳುತ್ತಿತ್ತು.

ಮಾರನೆಯ ಬೆಳಿಗ್ಗೆ ಹೆಂಗಸರು ಬಂದರು. ಆದರೆ ಯಾರೂ ಕೆಲಸಕ್ಕೆ ಕೂರಲಿಲ್ಲ. ಬಿಸಿಲಿನಲ್ಲೇ ನಿಂತರು. ಹನುಮಕ್ಕನ ಸೊಸೆ ಭವ್ಯಾ ಎಲ್ಲರಿಗಿಂತ ಮುಂದಿದ್ದಳು.

“ಯಾಕ್ರಮ್ಮ, ಹಿಂಗ್ ನಿಂತ್ಕಂಡ್ರಿ? ಕಾಯಿ ರಾಶಿ ಬಿದ್ದೈತೆ,” ಎಂದರು ಗಂಗಾಧರಯ್ಯ.

“ಅದ್ರ ಕೆಳಗೆ ನಾವ್ ಕೂರಲ್ಲ ಸಾವ್ಕಾರ್ರೆ,” ಎಂದಳು ಭವ್ಯಾ.

“ನಿಮ್ಮತ್ತೇನ ನಾನೇ ಆಸ್ಪತ್ರೆಗೆ ಕರ್ಕಂಡು ಹೋದ್ನಲ್ಲವ್ವ. ಗಾಳಿ ಮಾಡಿದ್ದಕ್ಕೆ ನಾನೇನ್ ಮಾಡ್ಲಿ?”

“ಗಾಳಿ ಆ ಕಲ್ಲನ್ನ ಮಾಲೇಕಲ್ ಬೆಟ್ಟದಿಂದ ಹೊತ್ಕಂಡ್ ಬಂತಾ? ನೀವೇ ಏಣಿ ಹಾಕ್ಸಿ ಮಡಗ್ಸಿದ್ದು!”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗಂಗಾಧರಯ್ಯನವರ ಮುಖ ಬಿಗಿಯಿತು.

“ಆಯ್ತು ಬಿಡು. ಅಲ್ಲಾಡದಂಗೆ ಇನ್ನೂ ದಪ್ಪದ್ದು ಹಾಕಿಸ್ತೀನಿ.”

“ಇನ್ನೂ ದಪ್ಪದ್ದಾ? ಯಾಕೆ, ನಮ್ಮತ್ತೆಗೆ ಇನ್ನೊಂದ್ ಹೆಗಲೈತೆ ಅಂತಲಾ?”

ಗದ್ದಲ ಕೇಳಿ ಗಂಗಾಧರಯ್ಯನವರ ಹೆಂಡತಿ ಶಾಂತಾದೇವಿ ಮನೆಯಿಂದ ಹೊರಗೆ ಬಂದರು. ಜೊತೆಯಲ್ಲಿ ಅವರ ತಮ್ಮನ ಮಗಳು ಚಿತ್ರಾ. ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡುವ ಹುಡುಗಿ. ಅವಳು ಶೆಡ್ಡನ್ನು ಸುತ್ತ ನೋಡಿಕೊಂಡು ಬಂದಳು.

“ಮಾವ, ಕಲ್ಲು ತಗಡನ್ನ ಹಿಡಿಯಲ್ಲ. ಗಾಳಿ ಕೆಳಗಿಂದ ನುಗ್ಗಿ ಮೇಲಕ್ಕೆ ಎತ್ತುತ್ತೆ. ಎತ್ತಿದ ತಕ್ಷಣ ಕಲ್ಲು ಉರುಳುತ್ತೆ. ತಗಡನ್ನ ಬೋಲ್ಟ್ ಹಾಕಿ ಕೆಳಗಿನ ಅಡ್ಡ ಪೈಪಿಗೆ ಬಿಗಿಸ್ಬೇಕು. ಕಂಬದ ಬುಡ ಭದ್ರ ಮಾಡಿಸ್ಬೇಕು. ಕಲ್ಲನ್ನ ಇವತ್ತೇ ಇಳಿಸಿ.”

“ನಮ್ಮಪ್ಪನ ಕಾಲದಿಂದ ಇಟ್ಕಂಡ್ ಬಂದಿದೀವಿ ಕಣಮ್ಮ...” ಎಂದರು ಗಂಗಾಧರಯ್ಯ. ಯಾರೂ ಜಾಗ ಬಿಟ್ಟು ಕದಲಲಿಲ್ಲ. “ಸರಿ, ಇಳಿಸ್ತೀನಿ.”

“ಆ ಮರ?” ಎಂದಳು ಭವ್ಯಾ.

ಶೆಡ್ಡಿನ ಪಕ್ಕದಲ್ಲೇ ಒಂದು ತೆಂಗಿನ ಮರವಿತ್ತು. ಸುಳಿ ಬಿದ್ದು ಎರಡು ವರ್ಷವಾಗಿತ್ತು. ತಲೆಯಿಲ್ಲದ ಬರಿ ಕಾಂಡ. ಮೈಮೇಲೆ ಕೆಂಪಗೆ ಸೋರಿದ ಕಲೆ, ಮರಕುಟಿಗ ಕೊರೆದ ತೂತು. ಅದು ಶೆಡ್ಡಿನ ಕಡೆಗೇ ಸ್ವಲ್ಪ ವಾಲಿತ್ತು.

“ಅದರ ಮಾತು ಮಾತ್ರ ಎತ್ಬೇಡ,” ಎಂದರು ಗಂಗಾಧರಯ್ಯ. ಅವರ ದನಿ ತಗ್ಗಿತು. “ನಾನು ಹುಟ್ಟಿದ ವರ್ಷ ನಮ್ಮವ್ವ ಬಚ್ಚಲ ನೀರು ಹೋಗೋ ಕಡೆ ನೆಟ್ಟಿದ್ದು. ತೆಂಗಿನ ಮರ ಕಡಿಯೋದು ಮಗನ್ನ ಕಡ್ದಂಗೆ. ಇದಂತೂ ನನ್ ಜೊತೇಲಿ ಬೆಳೆದಿದ್ದು. ಇದನ್ನ ಉರುಳಿಸಿದ್ರೆ ನನ್ ಆಯಸ್ಸು...”

“ನಿಮ್ ಆಯಸ್ಸು ಆ ಮರದಾಗೈತೆ ಅಂತೀರಿ. ಇರ್ಲಿ ಸಾವ್ಕಾರ್ರೆ. ನಮ್ ಆಯಸ್ಸು ಅದ್ರ ಬುಡದಾಗೆ ಕೂತೈತಲ್ಲ, ಅದನ್ನ ಯಾರು ಕೇಳೋರು?”

ಶಾಂತಾದೇವಿ ಗಂಡನ ಕಡೆ ತಿರುಗಿದರು. “ರೀ, ಅತ್ತೆ ಆ ಸಸಿ ನೆಟ್ಟಿದ್ದು ಮಗ ಬಾಳಲಿ ಅಂತ. ಇನ್ನೊಬ್ರ ಮೇಲೆ ಬೀಳಲಿ ಅಂತಲ್ಲ. ಇವತ್ತು ಸೊಸೆ ಬಂದು ಕೇಳ್ತಾವ್ಳೆ. ನಾಳೆ ತಾಯಿಲ್ಲದ ಮಗು ಬಂದು ನಿಂತ್ರೆ ಏನ್ ಹೇಳ್ತೀರಿ?”

ಗಂಗಾಧರಯ್ಯ ಮರದ ಬುಡಕ್ಕೆ ಹೋಗಿ ಕೈ ಇಟ್ಟು ನಿಂತರು. ಆಮೇಲೆ, “ಮರ ಇಳಿಸೋರನ್ನ ಕರೆಸಿ,” ಎಂದರು.

ಹತ್ತಿರದಲ್ಲೇ ಕರೆಂಟ್ ತಂತಿ ಇದ್ದುದರಿಂದ ಚಿತ್ರಾ ಮೊದಲು ವಿದ್ಯುತ್ ಕಚೇರಿಗೆ ಫೋನ್ ಮಾಡಿ ಕರೆಂಟ್ ತೆಗೆಸಿದಳು. ಕೆಲಸ ಬಲ್ಲವರು ಬಂದು ಹಗ್ಗ ಕಟ್ಟಿ, ಮರವನ್ನು ತುಂಡು ತುಂಡಾಗಿ ಇಳಿಸಿದರು. ಬುಡದ ತುಂಡು ಉರುಳಿದಾಗ ಗಂಗಾಧರಯ್ಯ ಅದರೊಳಗೆ ಕೈ ಹಾಕಿದರು. ಮೊಣಕೈವರೆಗೂ ಒಳಗೆ ಹೋಯಿತು. ಮುಷ್ಟಿ ತುಂಬ ಹುಳು ತಿಂದ ಪುಡಿ ಬಂತು.

“ಬರೀ ತೊಗಟೆ ನಿಂತಿತ್ತಲ್ಲೇ!” ಎಂದರು. ಈಗ ಅವರಿಗೆ ದಿಗಿಲು ಹತ್ತಿತು. ಗೇಟಿನ ಹತ್ತಿರದ ಹೊಂಗೆ ಮರದ ಕಡೆ ಕೈ ತೋರಿಸಿ, “ಅದನ್ನೂ ಉರುಳಿಸ್ರಪ್ಪ!” ಎಂದು ಕೂಗಿದರು.

“ಅಯ್ಯೋ, ಅದ್ಯಾಕೆ ಮಾವ? ಅದು ಗಟ್ಟಿಯಾಗಿದೆ, ಗಾಳೀನ ತಡೆಯೋದೇ ಅದು,” ಎಂದು ಚಿತ್ರಾ ತಡೆದಳು. “ಒಣ ರೆಂಬೆ ಮಾತ್ರ ತೆಗೆಸಿ. ಒಂದೇ ಕಡೆ ಬೋಳಿಸಬೇಡಿ, ಮರ ವಾಲುತ್ತೆ. ಬುಡಕ್ಕೆ ಮೆತ್ತಿರೋ ಸಿಮೆಂಟ್ ಕಿತ್ತು ಹಾಕ್ಸಿ, ಬೇರು ಉಸಿರಾಡ್ಲಿ. ಆಮೇಲೆ ಆ ಚರಂಡಿ ನೋಡಿ, ಪೂರಾ ಕಾಯಿಸಿಪ್ಪೆ ತುಂಬ್ಕೊಂಡಿದೆ. ಮಳೆ ನೀರು ಎಲ್ಲಿಗೆ ಹೋಗ್ಬೇಕು?”

ವಾರದೊಳಗೆ ತಗಡಿಗೆ ಬೋಲ್ಟು ಬಿತ್ತು, ಚರಂಡಿ ತೆರವಾಯಿತು. ಹೆಂಗಸರು ಕೆಲಸಕ್ಕೆ ಕೂತರು. ಗಂಗಾಧರಯ್ಯ ಹನುಮಕ್ಕನನ್ನು ನೋಡಲು ಹೋಗಿ, ಮಾಡಿಸಿದ್ದನ್ನೆಲ್ಲ ಹೇಳಿದರು. ಕೈಯನ್ನು ಕುತ್ತಿಗೆಗೆ ಜೋಳಿಗೆಯಂತೆ ಕಟ್ಟಿಸಿಕೊಂಡು ಗೋಡೆಗೆ ಒರಗಿದ್ದ ಹನುಮಕ್ಕ ಎಲ್ಲವನ್ನೂ ಕೇಳಿದಳು.

“ಒಳ್ಳೇದಾಯ್ತು ಸಾವ್ಕಾರ್ರೆ. ಆದ್ರೆ ಇದನ್ನೆಲ್ಲ ಮಾಡಕ್ಕೆ ನನ್ ಮೂಳೇನೇ ಮುರೀಬೇಕಿತ್ತಾ?”

ಗಂಗಾಧರಯ್ಯ ತಲೆ ತಗ್ಗಿಸಿದರು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಅಂಗಡಿಯ ಮುಂದೆ, ಹಾಲಿನ ಡೈರಿಯ ಹತ್ತಿರ, ಶಾಲೆಯ ಅಂಗಳದಲ್ಲಿ, ಬಸ್ ನಿಲ್ಲುವ ಕಡೆ ಇವತ್ತೇ ಒಮ್ಮೆ ತಲೆಯೆತ್ತಿ ನೋಡಿ. ಸಡಿಲವಾದ ತಗಡು, ಸತ್ತ ಮರ, ನೇತಾಡುವ ಬೋರ್ಡು ಕಂಡರೆ ನಾಳೆಗೆ ಬಿಡಬೇಡಿ. ರಸ್ತೆ ಬದಿಯ ಮರವಾದರೆ ಪಂಚಾಯಿತಿಗೆ ಅಥವಾ ನಗರಸಭೆಗೆ ಬರೆದುಕೊಡಿ. ಉತ್ತರ ಬರುವವರೆಗೆ ಕೇಳುತ್ತಲೇ ಇರಿ. ತಂತಿಯ ಹತ್ತಿರದ ಕೊಂಬೆಗೆ ನೀವೇ ಕೈ ಹಾಕಬೇಡಿ. ಗಾಳಿ ಎದ್ದಾಗ ಮರದ ಕೆಳಗೂ ತಗಡಿನ ಕೆಳಗೂ ನಿಲ್ಲಬೇಡಿ. ಹೆದರಿ ಹಸಿರು ಮರವನ್ನೂ ಕಡಿಯಬೇಡಿ.

ಗಂಗಾಧರಯ್ಯ ಇದನ್ನೆಲ್ಲ ಮಾಡಿಸಿದ್ದು ಹನುಮಕ್ಕನ ಹೆಗಲು ಮುರಿದ ಮೇಲೆ. ನಿಮಗೆ ಇನ್ನೂ ಸಮಯವಿದೆ. ನಿಮ್ಮ ಅಂಗಳದಲ್ಲಿ ಇನ್ನೂ ಯಾರ ಹೆಗಲೂ ಮುರಿದಿಲ್ಲ.