ಸತ್ಯಪ್ಪನ ಹೆಬ್ಬೆರಳು

ಮುಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು, ಆ ಆಕಳಿಕೆ ಸಂಗವ್ವನ ಬಾಯಿಗೂ ಬಂದು ಅಲ್ಲೇ ನಿಂತಿತು — ನಗಬೇಕಾದ ಜಾಗದಲ್ಲಿ ಆಕಳಿಕೆ, ಹಣೆಬರಹ, ಸಿನಿಮಾದ ತೆರೆಯ ಮೇಲೆ ಇಬ್ಬರು ಹೆಸರಾಂತ ನಟರು ಕಳ್ಳರಾಗಿ ಬಿದ್ದೆದ್ದು ಒದ್ದಾಡುತ್ತಿದ್ದಾರೆ, ಹುಬ್ಬು ಕುಣಿಸಿದರೆ ಊರೇ ನಗುವಂಥವರು, ಮಾತು ಬರೆದವನೇ ಕೈಕೊಟ್ಟರೆ ಅವರಾದರೂ ಏನು ಮಾಡಿಯಾರು, ಪಕ್ಕದಲ್ಲಿ ನೆರೆಮನೆಯ ಜೈತುನಬೀ ಪಿಸುಗುಡುತ್ತಾಳೆ, ಇಂಥಾ ನಟರನ್ನ ಇಟಗೊಂಡು ಹೆಂಗ ಹಾಳ ಮಾಡ್ಯಾರ ನೋಡ ಸಂಗವ್ವಾ, ಏಳು, ಹೋಗೂಣು, ಸಂಗವ್ವ ಏಳುವುದಿಲ್ಲ, ಇನ್ನೂ ಹೆಣ ಬಂದಿಲ್ಲ, ಹೆಣವೆಂದರೆ ಅವಳ ಗಂಡ ಸತ್ಯಪ್ಪ, ವಡಗಾವಿಯ ನೇಕಾರ, ಖಾನಾಪುರದಲ್ಲಿ ಶೂಟಿಂಗ್ ನಡೆದಾಗ ಕುರ್ಚಿಯಲ್ಲಿ ಕೂತ ಹೆಣದ ಪಾತ್ರ ಗಿಟ್ಟಿಸಿದವನು, ನಮ್ಮ ಮಂದ್ಯಾಗ ಹೆಣ ಕುಂದರಸೂದ ಪದ್ಧತಿ ಐತ್ರಿ ಸಾಹೇಬ್ರ, ನನಗೇನ ಕಲಸ್ತೀರಿ ಅಂದಿದ್ದನಂತೆ, ಶೂಟಿಂಗಿಗೆ ಮೊದಲು ಮನೆಯಲ್ಲಿ ಹದಿನೈದು ದಿನ ಗೋಡೆಗೆ ಒರಗಿ, ಕಾಲು ಮಡಚಿ, ಉಸಿರು ಹಿಡಿದು ಸತ್ತದ್ದೇ ಸತ್ತದ್ದು, ಎಲ್ಲಾ ಸರಿ, ಎಡಗೈ ಹೆಬ್ಬೆರಳೊಂದು ಮಾತ್ರ ಸಾಯುತ್ತಿರಲಿಲ್ಲ, ಪಟಕ್ಕನೆ ಅಲ್ಲಾಡುತ್ತಿತ್ತು, ಅವಳು ನಗುತ್ತಿದ್ದಳು, ಸಿಕ್ಕಬಿದ್ರಿ ನೋಡ್ರಿ.

ಶೂಟಿಂಗ್ ಮುಗಿದು ತಿಂಗಳಾದ ಮೇಲೆ ಮತ್ತೆ ಖಾನಾಪುರದಿಂದ ಫೋನು, ಇನ್ನೊಂದು ದಿನದ ಕೆಲಸ ಉಳಿದೈತಿ, ಬರ್ರಿ, ಮರುದಿನ ಮುಂಜಾನೆ ಅವಳು ಚಹಾ ತಂದರೆ ಅವನು ಆಗಲೇ ಗೋಡೆಗೆ ಒರಗಿ ಕೂತಿದ್ದಾನೆ, ಕಣ್ಣು ಅರೆ ತೆರೆದು, ಬಾಯಿ ಒಂದು ಕಡೆ ವಾಲಿ, ಭಲೇ ಅಂದುಕೊಂಡಳು, ಹೆಬ್ಬೆರಳು ಅಲ್ಲಾಡಿತು, ಸಿಕ್ಕಬಿದ್ರಿ, ಚಹಾ ಆರತೈತಿ, ಕುಡೀರಿ, ಲೋಟವನ್ನು ಅವನ ಕೈ ಹತ್ತಿರವೇ ಇಟ್ಟು ಮಗ್ಗಕ್ಕೆ ಹೋದಳು, ಮಗ್ಗದ ಸದ್ದಿನಲ್ಲಿ ಒಂದು ತಾಸು, ಬಂದು ನೋಡಿದರೆ ಚಹಾದ ಮೇಲೆ ಕೆನೆ ಕಟ್ಟಿದೆ, ಕೂಗಿದ್ದು ತಾನೇ ಇರಬೇಕು, ಜೈತುನಬೀ ಓಡಿ ಬಂದಳು, ಹೆಣ ಕೂರಿಸುವ ಕೆಲಸವೇ ಇರಲಿಲ್ಲ, ಕೂತೇ ಇದ್ದ, ವಿಭೂತಿ ಹಚ್ಚಿದರು, ಪುಣ್ಯವಂತ, ನರಳಲಿಲ್ಲ ಅಂದರು ಬಂದವರೆಲ್ಲ, ಹೆಬ್ಬೆರಳಿನ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ — ಅದು ಅವನ ಚಾಳಿ, ಆಗಿನ್ನೂ ಪಾತ್ರವನ್ನೇ ಮಾಡುತ್ತಿದ್ದ, ಸಾವು ಬಂದದ್ದು ಆಮೇಲೆ, ನಾನು ಹೋದ ಮೇಲೆ — ಒಂದೂವರೆ ವರ್ಷ ಇದನ್ನೇ ಜಪಿಸಿ ನಿದ್ದೆ ಮಾಡಿದ್ದಾಳೆ, ಇವತ್ತು ತೆರೆಯ ಮೇಲೆ ಆ ಬೆರಳು ಒಮ್ಮೆ, ಒಂದೇ ಒಂದು ಸಲ ಅಲ್ಲಾಡಿದರೆ ಸಾಕು, ಚಾಳಿಯೇ ಎಂದು ಖಾತ್ರಿಯಾಗುತ್ತದೆ.

ಬಂದ, ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ, ಎಡಗೈ ತೊಡೆಯ ಮೇಲೆ, ಬಾಗಿಲಷ್ಟು ದೊಡ್ಡದಾಗಿ, ಇಬ್ಬರು ಕಳ್ಳರು ಅವನನ್ನು ಅಲುಗಾಡಿಸುತ್ತಾರೆ, ಕಚಗುಳಿ ಇಡುತ್ತಾರೆ, ಎಲ್ಲಿಂದಲೋ ಒಂದು ನೊಣ ಬಂದು ಆ ಹೆಬ್ಬೆರಳ ಮೇಲೇ ಕೂರುತ್ತದೆ, ಈಗ, ಈಗ, ನೊಣ ಹಾರಿಹೋಯಿತು, ಬೆರಳು ಹಾಗೇ ಇದೆ, ಅಲ್ಲಾಡಸ್ರೀ ಎಂದು ಯಾರೋ ಕೂಗಿದರು, ಚಿತ್ರಮಂದಿರವೆಲ್ಲ ಮೊದಲ ಸಲ ನಕ್ಕಿತು, ಕೂಗಿದ್ದು ತಾನೇ ಎಂದು ಅವಳಿಗೆ ನಗುವಿನ ನಡುವೆ ಗೊತ್ತಾಯಿತು, ಜೈತುನಬೀ ಅವಳ ಕೈ ಹಿಡಿದಿದ್ದಾಳೆ, ಎಷ್ಟ ಚಂದ ಮಾಡ್ಯಾನ ನೋಡ ನಿನ್ನ ಗಂಡ, ಒಂದ ಬೆರಳ ಸೈತ ಅಲ್ಲಾಡಸವಲ್ಲ, ಹೌದು, ಕಲಿತುಬಿಟ್ಟಿದ್ದ, ಶೂಟಿಂಗಿನ ಹೊತ್ತಿಗೇ ಕಲಿತಿದ್ದ, ಹಾಗಾದರೆ ಆ ಮುಂಜಾನೆ — ಪಾತ್ರವಲ್ಲ, ಚಾಳಿಯಲ್ಲ, ಬಾಯಿ ವಾಲಿತ್ತು, ಮಾತು ಹೋಗಿತ್ತು, ಅವಳನ್ನು ಕರೆಯಲು ಉಳಿದದ್ದು ಆ ಬೆರಳೊಂದೇ, ಅವಳು ನಕ್ಕಳು, ನಕ್ಕು ಹೋದಳು, ಬಿಸಿ ಚಹಾದ ಲೋಟ, ಅದರ ಪಕ್ಕ ಹೆಬ್ಬೆರಳು, ಅಲ್ಲಾಡಿತು, ಲೋಟ, ಹೆಬ್ಬೆರಳು, ಮತ್ತೆ ಅಲ್ಲಾಡಿತು, ಹೆಬ್ಬೆರಳು